ದಿನಕರ ದೇಸಾಯಿ ಅಂದ್ರೆ ಬರೀ ಚುಟುಕ ಅಲ್ಲ | ಕಾಳಿ ದಂಡೆ ಸರಣಿ, ಪೋಸ್ಟ್ 9

1/3

ಕಳೆದ ವಾರ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ, ನೆನಪಿದೆಯಾ? "ದಿನಕರ ದೇಸಾಯಿ ಯಾರು?" ಅಂತ. ನಿಮ್ಮಲ್ಲಿ ಬಹುತೇಕರು ಒತ್ತಿದ್ದು "ಚುಟುಕ ಕವಿ". ತಪ್ಪೇನಿಲ್ಲ. ಆದ್ರೆ ನಾನು ಕೊಟ್ಟಿದ್ದ ಇನ್ನೊಂದು ಆಯ್ಕೆ, "ನಮ್ಮ ಜಿಲ್ಲೆಯ ಎಂಪಿ", ಅದನ್ನ ಒತ್ತಿದವರು ಇಬ್ಬರೇ. ಅದರಲ್ಲಿ ಒಬ್ಬಳು ನನ್ನ ತಂಗಿ, ಅವಳಿಗೆ ಉತ್ತರ ಹೇಳಿಕೊಟ್ಟವಳು ನಾನೇ!

ಎರಡೂ ಸರಿ ಮಾರಾಯ್ರೆ. 1967ರಲ್ಲಿ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಗೆದ್ದವರು ಇದೇ ದಿನಕರ ದೇಸಾಯಿ. ಅದೂ ಪಕ್ಷೇತರರಾಗಿ. ಅದಕ್ಕೆ ಮುಂಚಿನ ಮೂರೂ ಚುನಾವಣೆಯಲ್ಲಿ ಈ ಸೀಟು ಕಾಂಗ್ರೆಸ್ಸಿನದ್ದೇ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ನಾವು ಅವರನ್ನ ಪಠ್ಯಪುಸ್ತಕದ ಪದ್ಯದ ಅಜ್ಜನನ್ನಾಗಿ ಮಾಡಿ ಕೂರಿಸಿದ್ದೀವಿ. ಅವರು ಜೀವನ ಪೂರ್ತಿ ಕೇಳಿದ ಪ್ರಶ್ನೆಯನ್ನ ಮಾತ್ರ ಆರಾಮಾಗಿ ಮರೆತಿದ್ದೀವಿ.

ಹುಟ್ಟಿದ್ದು 1909ರಲ್ಲಿ, ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ (ಈ ಊರ ಹೆಸರು ನೆನಪಿಟ್ಕೊಳ್ಳಿ, ಕೊನೆಗೆ ಬೇಕು). ಮುಂಬಯಿಯಲ್ಲಿ ಓದಿ, ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಸೇರಿದರು. ಅಲ್ಲಿ ಸದಸ್ಯ ಆಗೋರು ಒಂದು ಪ್ರತಿಜ್ಞೆ ಮಾಡಬೇಕಿತ್ತು: ಸಮಾಜ ಸಂಸಾರಕ್ಕೆ ಎಷ್ಟು ಕೊಡುತ್ತೋ ಅಷ್ಟರಲ್ಲಿ ತೃಪ್ತಿ, ತನಗೋಸ್ಕರ ದುಡ್ಡು ಮಾಡೋಕೆ ಸ್ವಲ್ಪವೂ ಶಕ್ತಿ ಖರ್ಚು ಮಾಡಲ್ಲ ಅಂತ. ಬಿಕಾಂ ಓದೋ ನಂಗೆ ಇದನ್ನ ಓದಿದಾಗ ನಗು ಬಂತು. ಮಾಲೀಕ ಸ್ವಂತಕ್ಕೆ ತಗೊಂಡ ದುಡ್ಡನ್ನ ಡ್ರಾಯಿಂಗ್ಸ್ ಅಂತ ತೋರಿಸೋದು ನಮಗೆ ಕಲಿಸ್ತಾರಲ್ಲ, ಇವರದು ಆ ಖಾತೆಯೇ ಇಲ್ಲದ ಪುಸ್ತಕ.

ಮುಂಬಯಿ ಬಂದರಲ್ಲಿ ಹಡಗು ಕಾರ್ಮಿಕರ ಸಂಘಟನೆಗೆ ದುಡಿದರು. ಆ ಕಾರ್ಮಿಕರ ಸ್ಥಿತಿಯ ಬಗ್ಗೆ ಇಂಗ್ಲಿಷಲ್ಲಿ ಒಂದು ಪುಸ್ತಕವನ್ನೂ ಬರೆದರು. ಆದ್ರೆ ನಮಗೆ ಸಂಬಂಧಪಟ್ಟ ಕಥೆ ಊರಲ್ಲಿದೆ.

2/3

ಫೋಟೋದಲ್ಲಿರೋದು ನನ್ನ ಅಜ್ಜಿ ಮನೆ ಗದ್ದೆ, ಅಂಕೋಲಾ ಕಡೆ. ಅಜ್ಜಿಯ ಅಪ್ಪ ಗೇಣಿ ಒಕ್ಕಲು. "ಭತ್ತ ಒಕ್ಕಿದ ಮೇಲೆ ಮೊದಲು ಒಡೆಯರಿಗೆ ಅಳೀಬೇಕು ತಂಗಿ, ಉಳಿದ್ರೆ ನಮಗೆ. ಮಳೆ ಬರದಿದ್ರೂ ಗೇಣಿ ಗೇಣಿಯೇ" ಅಂತಾಳೆ ಅಜ್ಜಿ. ಕೊಡದಿದ್ರೆ? ಗದ್ದೆ ಬಿಡಿಸ್ತಿದ್ರು. ಅಷ್ಟೇ.

1930ರ ದಶಕದ ಕೊನೆಗೆ ದೇಸಾಯಿಯವರು ಈ ಒಕ್ಕಲುಗಳನ್ನ ಸೇರಿಸಿ ರೈತ ಚಳವಳಿ ಕಟ್ಟಿದರು. ಉಳುವವನೇ ಹೊಲದೊಡೆಯ ಅನ್ನೋ ಮಾತು ನಮ್ಮ ಕರಾವಳಿಯ ರೈತರ ಬಾಯಿಗೆ ಬಂದದ್ದು ಆಗ. ನಾವು ಪಾಠದಲ್ಲಿ ಓದೋ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಅಂದ್ರೆ ಅದಕ್ಕಿಂತ ಹತ್ತು ವರ್ಷಕ್ಕೂ ಮೊದಲು! 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನ ಜಿಲ್ಲೆಯಿಂದಲೇ ಗಡಿಪಾರು ಮಾಡ್ತು. ಐದು ವರ್ಷ ಸ್ವಂತ ಊರಿಗೆ ಕಾಲಿಡೋ ಹಾಗಿರಲಿಲ್ಲ.

ಅಂಕೋಲಾ ಅಂದ್ರೆ ಉಪ್ಪಿನ ಸತ್ಯಾಗ್ರಹ ಅಂತ ನಾವೆಲ್ಲ ಎದೆ ಉಬ್ಬಿಸ್ತೀವಿ. ಉಬ್ಬಿಸಲೇಬೇಕು. ಆದ್ರೆ ರೈತ ಚಳವಳಿ ಬಗ್ಗೆ ಯಾಕೆ ಅಷ್ಟು ಮಾತಾಡಲ್ಲ? ನಂಗನ್ಸೋದು ಇಷ್ಟು. ಬ್ರಿಟಿಷರು ಹೊರಗಿನವರು, ಅವರ ವಿರುದ್ಧ ನಿಲ್ಲೋಕೆ ಎಲ್ರೂ ಸೇರ್ತಾರೆ. ಒಡೆಯರು ಪಕ್ಕದ ಮನೆಯವರು. ಅವರ ಹಬ್ಬಕ್ಕೆ ಹೋಗಬೇಕು, ಅವರ ಬಾವಿ ನೀರು ಬೇಕು. ಅವರೆದುರು ನಿಂತವರನ್ನ ನೆನಪಿಟ್ಟುಕೊಳ್ಳೋಕೂ ಸ್ವಲ್ಪ ಮುಜುಗರ.

ಕಾನೂನು ಬಂದದ್ದು ದೇವರಾಜ ಅರಸು ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ರದ್ದು, ಅರ್ಜಿ ಏಳನೇ ನಂಬರ್ ಫಾರ್ಮಿನಲ್ಲಿ. ನಮ್ಮ ಕಡೆ ಅದಕ್ಕೆ "ಡಿಕ್ಲರೇಶನ್" ಅಂತಾರೆ. ಅಜ್ಜಿ ಮನೆ ಗದ್ದೆಯೂ ಹಾಗೇ ನಮ್ಮದಾಯ್ತು. ಅರಸು ಹೆಸರು ಅಜ್ಜಿಗೆ ಗೊತ್ತು. ಆದ್ರೆ ಮೂವತ್ತೈದು ವರ್ಷ ಮೊದಲೇ ಅದನ್ನ ಕೇಳಿದವನ ಹೆಸರಿನಲ್ಲಿ ಯಾವ ಫಾರ್ಮೂ ಇಲ್ಲ. ವಿರೋಧದಲ್ಲಿ ಇರೋರ ಹಣೆಬರಹವೇ ಇದು.

ದೆಹಲಿಯಲ್ಲಿ ಅವರಿದ್ದದ್ದು ಬರೀ ನಾಲ್ಕು ವರ್ಷ. ಅವಧಿಗೆ ಮುಂಚೆ ಲೋಕಸಭೆ ವಿಸರ್ಜನೆ ಆಯ್ತು, 1971ರ ಇಂದಿರಾ ಅಲೆಯಲ್ಲಿ ಸೀಟು ಮತ್ತೆ ಕಾಂಗ್ರೆಸ್ಸಿಗೆ. ಆದ್ರೆ ಸೀಟಿಗೆ ಕಾಯದೆ ಅವರು 1953ರಲ್ಲೇ ಕೆನರಾ ವೆಲ್ಫೇರ್ ಟ್ರಸ್ಟ್ ಮಾಡಿದ್ರು. ಅಂಕೋಲಾದಲ್ಲಿ ಶುರುವಾಗಿ ದಾಂಡೇಲಿ, ಶಿರಾಲಿವರೆಗೆ ಹೈಸ್ಕೂಲು. 1966, ಗೋಖಲೆ ಹುಟ್ಟಿ ನೂರು ವರ್ಷ, ಆ ವರ್ಷ ಅಂಕೋಲಾದಲ್ಲಿ ಗೋಖಲೆ ಸೆಂಟಿನರಿ ಕಾಲೇಜು. ತನ್ನ ಹೆಸರು ಹಾಕಿಕೊಳ್ಳಲಿಲ್ಲ, ಗಮನಿಸಿ. ಈಗಿನ ಲೆಕ್ಕದಲ್ಲಿ ನಾಯಕರ ಕಾಲೇಜು ಅಂದ್ರೆ ನಾಯಕರ ಆಸ್ತಿ. ಭೂಮಿ ಸಿಕ್ಕವರ ಮಕ್ಕಳಿಗೆ ಫಾರ್ಮ್ ಓದೋಕೆ ಬರದಿದ್ರೆ ಆ ಭೂಮಿ ಎಷ್ಟು ದಿನ ಉಳಿಯುತ್ತೆ ಅಂತ ಅವರಿಗೆ ಗೊತ್ತಿತ್ತು ಅನ್ಸುತ್ತೆ.

3/3

ಈಗ ಅಲಗೇರಿ. ವಿಮಾನ ನಿಲ್ದಾಣಕ್ಕೆ ಅಂತ ಭೂಸ್ವಾಧೀನ ಆಗಿರೋ ಊರುಗಳು ಅಲಗೇರಿ, ಬೇಲೇಕೇರಿ ಪಕ್ಕದ ಭಾವಿಕೇರಿ, ಬೆಳಸೆ. ಹೌದು, ಅದೇ ಅಲಗೇರಿ. ಇದಕ್ಕೆ ಮುಂಚೆ ಸೀಬರ್ಡ್. ಅದಕ್ಕೂ ಮುಂಚೆ ನಮ್ಮ ಕೈಗಾ, ಕದ್ರಾ.

ನಾನು ಇಲ್ಲಿ ದೊಡ್ಡ ಮಾತಾಡೋಕೆ ಹೋಗಲ್ಲ. ನಾನಿರೋದು ಮಲ್ಲಾಪುರದಲ್ಲಿ. ನಮ್ಮ ಮನೆ ಅನ್ನ ಬರೋದು ಪ್ಲಾಂಟಿನ ಕಾಂಟ್ರ್ಯಾಕ್ಟ್ ಕೆಲಸದಿಂದ, ನನ್ನ ಕಾಲೇಜು ಫೀಸೂ ಅದೇ. ಕೈಗಾ ಬೇಡವೇ ಬೇಡಿತ್ತು ಅನ್ನೋಕೆ ನಂಗೆ ಬಾಯಿ ಬರಲ್ಲ. ಆದ್ರೆ 1989ರಲ್ಲಿ ಶಿವರಾಮ ಕಾರಂತರು, 87 ವಯಸ್ಸಿನಲ್ಲಿ, ಕೈಗಾ ವಿರೋಧಿಸಿ ಇದೇ ಲೋಕಸಭಾ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತರು, ಸೋತರು. ಅವರು ಗೆಲ್ಲಬೇಕಿತ್ತಾ ಅಂತಲ್ಲ ನನ್ನ ಪ್ರಶ್ನೆ. ಇಷ್ಟೆಲ್ಲ ಭೂಮಿ ಕೊಟ್ಟ ಜಿಲ್ಲೆಯಲ್ಲಿ "ಯಾರ ಭೂಮಿ, ಯಾರಿಗೆ, ಬದಲಿಗೆ ಏನು?" ಅಂತ ಕೇಳೋಕೆ ಪ್ರತೀ ಸಲ ಯಾವುದೇ ಪಕ್ಷ ಇಲ್ಲದ ಒಬ್ಬ ಸಾಹಿತಿಯೇ ಯಾಕೆ ಬರಬೇಕು? ಪಕ್ಷಗಳೆಲ್ಲ ಎಲ್ಲಿ ಹೋಗಿದ್ವು?

ನಿಮ್ಮ ವಾರ್ಡಿನ, ತಾಲೂಕಿನ ವಿರೋಧ ಪಕ್ಷದವರು ಕಳೆದ ವರ್ಷ ಏನು ವಿರೋಧಿಸಿದ್ರು ಅಂತ ಒಂದು ಸಲ ಯೋಚಿಸಿ ನೋಡಿ. ಬ್ಯಾನರ್ ಬಿಟ್ಟು. ನಂಗೆ ಒಂದೂ ನೆನಪಾಗಲಿಲ್ಲ.

ದೇಸಾಯಿಯವರು ತೀರಿಕೊಂಡದ್ದು 1982ರಲ್ಲಿ. ಸೀಬರ್ಡಿಗೆ ಶಂಕುಸ್ಥಾಪನೆ ಆದದ್ದು 1986ರಲ್ಲಿ. ನಾಲ್ಕು ವರ್ಷದ ಅಂತರ.

ಪೋಸ್ಟ್ ಮಾಡೋ ಮುಂಚೆ ಅಪ್ಪನಿಗೆ ಓದಿಸಿದೆ. ಪೂರ್ತಿ ಓದಿ, "ಕೈಗಾ ಪ್ಯಾರಾ ಬೇಕಾ?" ಅಂದ್ರು. ನಾನು ಬೇಕು ಅಂದೆ. ಸ್ವಲ್ಪ ಹೊತ್ತು ಫೋನ್ ಕೈಯಲ್ಲೇ ಹಿಡ್ಕೊಂಡಿದ್ದು, "ನಿನ್ನ ಅಜ್ಜಿ ಮನೆ ಡಿಕ್ಲರೇಶನ್ ಕಾಗದ ನನ್ನ ಹತ್ರ ಇದೆ, ಅದರ ಫೋಟೋನೂ ಹಾಕು" ಅಂದ್ರು. ಕೊನೇ ಸ್ಲೈಡ್ ಅದೇ. ಹೆಸರು, ಸರ್ವೆ ನಂಬರ್ ಮುಚ್ಚಿದ್ದೀನಿ.

ನಿಮ್ಮ ಮನೆಯಲ್ಲೂ ಅಂಥ ಕಾಗದ ಇದ್ರೆ ಕಾಮೆಂಟಲ್ಲಿ ಊರ ಹೆಸರು ಬರೀರಿ.

#ಕಾಳಿದಂಡೆ #ಅಂಕೋಲಾ #ಕೈಗಾ