ಮನೆಯ ಉಗ್ರಾಣಕ್ಕೆ ಎಂತಹ ಗಣಕಯಂತ್ರ?

ಪರಿಚಿತರೊಬ್ಬರ ಮನೆಯಲ್ಲಿ ಈಚೆಗೆ ನಡೆದ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸುವುದು ಯುಕ್ತವೆಂದು ತೋರುತ್ತದೆ. ಆ ಮನೆಯ ಮಗ ಕಾಲೇಜು ವಿದ್ಯಾರ್ಥಿ, ಬುದ್ಧಿವಂತ, ಕುತೂಹಲಿ. ವಿದ್ಯಾರ್ಥಿವೇತನದ ಹಣವನ್ನು ಕೂಡಿಟ್ಟು, ಬಿಡಿಭಾಗಗಳನ್ನು ತಾನೇ ಆರಿಸಿ ತಂದು, ಒಂದು ಗಣಕಯಂತ್ರವನ್ನು ಜೋಡಿಸಿದ. ಮನೆಮಂದಿಯ ಛಾಯಾಚಿತ್ರಗಳು, ಸಂಗೀತ, ಚಲನಚಿತ್ರಗಳು ಎಲ್ಲವೂ ಅದರೊಳಗೆ ಸೇರಿದವು. ನಡುಮನೆಯ ಟೆಲಿವಿಷನ್ನಿನಲ್ಲಿ ಬೇಕಾದುದನ್ನು ಬೇಕಾದಾಗ ನೋಡುವ ಅನುಕೂಲವೂ ಆಯಿತು. ಹಣದ ಬಹುಭಾಗ ಹೊಸ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಂದಿತ್ತು. ಉಳಿದ ಅಲ್ಪ ಹಣದಲ್ಲಿ ಯಾರೋ ಬಳಸಿ ಬಿಟ್ಟ ಒಂದು ಹಾರ್ಡ್ ಡಿಸ್ಕ್ ಬಂದಿತ್ತು. ಹನ್ನೊಂದು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಆ ಡಿಸ್ಕು ಟಿಕ್ ಟಿಕ್ ಎಂದು ಸದ್ದುಮಾಡಿ ನಿಂತುಹೋಯಿತು. ಚಲನಚಿತ್ರಗಳು ಹೋದುದಕ್ಕೆ ಯಾರೂ ಮರುಗಲಿಲ್ಲ. ಆದರೆ ತೀರಿಕೊಂಡ ಅಜ್ಜಿ ಹಾಡಿದ್ದ ಸೋಬಾನೆ ಪದಗಳ ಧ್ವನಿಮುದ್ರಣ ಅದರಲ್ಲಿಯೇ ಇದ್ದಿತು, ಬೇರೆಲ್ಲಿಯೂ ಇರಲಿಲ್ಲ. ಬೆಲೆಬಾಳುವ ಆ ಪ್ರೊಸೆಸರು ಮಾತ್ರ ಇಂದಿಗೂ ಸುಸ್ಥಿತಿಯಲ್ಲಿದೆ.

ಹುಡುಗನನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅಂಗಡಿಯವರು, ಜಾಹೀರಾತುಗಳು, ಸ್ನೇಹಿತರು ಎಲ್ಲರೂ ಅವನಿಗೆ ವೇಗದ ಪಾಠವನ್ನು ಹೇಳಿದರು. ಕ್ಷೇಮದ ಪಾಠವನ್ನು ಯಾರೂ ಹೇಳಲಿಲ್ಲ. ಮನೆಯ ಮಾಹಿತಿಯನ್ನು ಕೂಡಿಡುವ ಮತ್ತು ಚಲನಚಿತ್ರಗಳನ್ನು ಟೆಲಿವಿಷನ್ನಿಗೆ ಹರಿಸುವ ಗಣಕಕ್ಕೆ ಕೈಯಲ್ಲಿರುವ ಹಣ ಸ್ವಲ್ಪವೇ ಆಗಿದ್ದಲ್ಲಿ, ಅದರ ಮೊದಲ ಹಕ್ಕು ಡಿಸ್ಕಿನದು. ಅದರಲ್ಲಿಯೂ ಎರಡನೆಯ ಪ್ರತಿಯನ್ನು ಇಡುವ ಡಿಸ್ಕಿನದು. ಪ್ರೊಸೆಸರಿನ ಸರದಿ ಕಟ್ಟಕಡೆಗೆ. ಇದು ಜಿಪುಣತನದ ಮಾತಲ್ಲ, ಲೆಕ್ಕದ ಮಾತು. ಆ ಲೆಕ್ಕವನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಡಿಸ್ಕಿನ ಚರಿತ್ರೆ ಅಷ್ಟೇನೂ ಹಳೆಯದಲ್ಲ. ೧೯೫೬ರಲ್ಲಿ ಐಬಿಎಂ ಸಂಸ್ಥೆ ರಾಮಾಕ್ ಎಂಬ ಗಣಕದೊಡನೆ ಮೊತ್ತಮೊದಲ ಡಿಸ್ಕ್ ಉಗ್ರಾಣವನ್ನು ಮಾರುಕಟ್ಟೆಗೆ ತಂದಿತು. ೨೪ ಅಂಗುಲ ವ್ಯಾಸದ ೫೦ ತಟ್ಟೆಗಳು, ಒಂದು ಟನ್ನಿಗೂ ಮಿಕ್ಕಿದ ತೂಕ. ಆದರೂ ಅದು ಹಿಡಿಯುತ್ತಿದ್ದುದು ಸುಮಾರು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಒಂದು ಹಾಡಿನ ಕಡತಕ್ಕೆ ಅಷ್ಟು ಸ್ಥಳ ಬೇಕಾಗುತ್ತದೆ! ಈಗ ಅಂಗೈಯಗಲದ ೪ ಟೆರಾಬೈಟ್ ಡಿಸ್ಕೊಂದು ಅದರ ಸುಮಾರು ಹತ್ತು ಲಕ್ಷ ಪಟ್ಟು ಮಾಹಿತಿಯನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಈ ಸಾಧನೆಗೆ ತೆತ್ತ ಬೆಲೆಯೆಂದರೆ ಸೂಕ್ಷ್ಮತೆ. ನಿಮಿಷಕ್ಕೆ ೫೪೦೦ ಅಥವಾ ೭೨೦೦ ಸುತ್ತು ತಿರುಗುವ ತಟ್ಟೆಯ ಮೇಲೆ, ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ, ಓದುವ ತಲೆಯು ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಇಂತಹ ಯಂತ್ರ ಒಂದಲ್ಲ ಒಂದು ದಿನ ಕೆಡುವುದು ಆಶ್ಚರ್ಯವಲ್ಲ. ಇಷ್ಟು ದಿನ ಕೆಡದೆ ನಡೆಯುವುದೇ ಆಶ್ಚರ್ಯ.

ಇನ್ನು ಲೆಕ್ಕಕ್ಕೆ ಬರೋಣ. ಸಾಧಾರಣ ಸ್ಫುಟತೆಯ, ಅಂದರೆ ೧೦೮೦ ಸಾಲುಗಳ ಚಲನಚಿತ್ರವೊಂದು ಸೆಕೆಂಡಿಗೆ ೮ ಮೆಗಾಬಿಟ್ ವೇಗದಲ್ಲಿ ಹರಿಯುತ್ತದೆಂದು ಇಟ್ಟುಕೊಳ್ಳಿ. ೮ ಬಿಟ್ಟುಗಳಿಗೆ ಒಂದು ಬೈಟ್. ಆದ್ದರಿಂದ ಇದು ಸೆಕೆಂಡಿಗೆ ೧ ಮೆಗಾಬೈಟ್. ಎರಡು ಗಂಟೆಗೆ ೭೨೦೦ ಸೆಕೆಂಡು, ಚಿತ್ರದ ಗಾತ್ರ ೭.೨ ಗಿಗಾಬೈಟ್. ಇಂದಿನ ಸಾಮಾನ್ಯ ಹಾರ್ಡ್ ಡಿಸ್ಕೊಂದು ಸೆಕೆಂಡಿಗೆ ನೂರು ಮೆಗಾಬೈಟಿಗೂ ಮಿಕ್ಕಿ ಒದಗಿಸಬಲ್ಲುದು. ಮನೆಯಲ್ಲಿ ನಾಲ್ವರು ನಾಲ್ಕು ಕೋಣೆಗಳಲ್ಲಿ ಕುಳಿತು ನಾಲ್ಕು ಚಿತ್ರಗಳನ್ನು ನೋಡಿದರೂ ಅದಕ್ಕೆ ಆಯಾಸವಿಲ್ಲ. ಸೆಕೆಂಡಿಗೆ ೧೦೦೦ ಮೆಗಾಬಿಟ್ ಸಾಗಿಸುವ ಗಿಗಾಬಿಟ್ ತಂತಿಗೂ ಆಯಾಸವಿಲ್ಲ. ೪ಕೆ ಸ್ಫುಟತೆಯ ಡಿಸ್ಕ್ ಪ್ರತಿಯಾದರೂ ಹೆಚ್ಚೆಂದರೆ ೧೨೮ ಮೆಗಾಬಿಟ್ ಕೇಳೀತು. ಅಲ್ಲಿ ಮಾತ್ರ ೧೦೦ ಮೆಗಾಬಿಟ್ಟಿನ ಹಳೆಯ ರೌಟರು ಸೋಲುತ್ತದೆ. ಹೀಗೆ ಚಿತ್ರ ತಡೆತಡೆದು ಬರುವಾಗ ನಾವು ಬೈಯುವುದು ಪ್ರೊಸೆಸರನ್ನು. ಹಲವು ವೇಳೆ ತಪ್ಪಿತಸ್ಥನು ರೌಟರು, ಅಥವಾ ಗೋಡೆಯಾಚೆ ಕ್ಷೀಣಿಸಿದ ವೈಫೈ. ಐದು ಸಾವಿರ ರೂಪಾಯಿಯ ಪ್ರೊಸೆಸರು ಮಾಡದ ಉಪಕಾರವನ್ನು ಕೆಲವು ನೂರು ರೂಪಾಯಿಯ ತಂತಿ ಮಾಡಬಹುದು.

ಹಾಗಾದರೆ ಪ್ರೊಸೆಸರಿಗೆ ಕೆಲಸವೇ ಇಲ್ಲವೆ? ಇದೆ, ಒಂದು ಸಂದರ್ಭದಲ್ಲಿ. ಚಿತ್ರಗಳನ್ನು ಕುಗ್ಗಿಸಿ ಬರೆಯುವ ಕ್ರಮಗಳು ಹಲವು: ೨೦೦೩ರ ಎಚ್.೨೬೪, ೨೦೧೩ರ ಎಚ್‌ಇವಿಸಿ, ೨೦೧೮ರ ಎವಿ೧. ಉಗ್ರಾಣದಲ್ಲಿರುವ ಕ್ರಮವನ್ನು ಟೆಲಿವಿಷನ್ನು ಓದಬಲ್ಲುದಾದರೆ, ಗಣಕದ ಕೆಲಸ ಅಂಚೆಯವನ ಕೆಲಸದಷ್ಟೆ. ಲಕೋಟೆಯನ್ನು ಒಡೆಯದೆ ಮನೆಗೆ ಮುಟ್ಟಿಸಿದರಾಯಿತು. ಓದಲಾರದಾದರೆ ಗಣಕವು ಲಕೋಟೆಯನ್ನು ಒಡೆದು, ಪತ್ರವನ್ನು ಬೇರೊಂದು ಭಾಷೆಗೆ ತಿರುಗಿಸಿ, ಆ ಕ್ಷಣದಲ್ಲಿಯೇ ಓದಿಹೇಳಬೇಕಾಗುತ್ತದೆ. ತಜ್ಞರು ಇದನ್ನು ಟ್ರಾನ್ಸ್‌ಕೋಡಿಂಗ್ ಎನ್ನುತ್ತಾರೆ. ಇದು ನಿಜವಾಗಿಯೂ ಭಾರದ ಕೆಲಸ. ಆದರೆ ಇದನ್ನೇ ಮಾಡಲೆಂದು ಇಂಟೆಲ್ ಸಂಸ್ಥೆ ತನ್ನ ಪ್ರೊಸೆಸರುಗಳೊಳಗೆ ೨೦೧೧ರಿಂದಲೇ ಒಂದು ಪ್ರತ್ಯೇಕ ವಿಭಾಗವನ್ನು ಅಳವಡಿಸುತ್ತ ಬಂದಿದೆ. ೨೦೧೬-೧೭ರಲ್ಲಿ ಬಂದ ಏಳನೆಯ ಪೀಳಿಗೆಯ ಹೊತ್ತಿಗೆ ಅದು ಎಚ್‌ಇವಿಸಿಯ ಹತ್ತು ಬಿಟ್ಟಿನ ಚಿತ್ರಗಳನ್ನೂ ನಿಭಾಯಿಸುವಷ್ಟು ಬೆಳೆಯಿತು. ಅಂದರೆ ಹತ್ತಿರ ಹತ್ತು ವರ್ಷ ಹಳೆಯ ಯಂತ್ರವೂ ಈ ಕೆಲಸಕ್ಕೆ ಸಮರ್ಥವೇ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಅವಶ್ಯಕತೆ ಇಲ್ಲಿ ಇಲ್ಲ.

ಇಲ್ಲಿಯೇ ಬಡ ವಿದ್ಯಾರ್ಥಿಗೆ ಕಾಲವು ಒಂದು ಉಪಕಾರ ಮಾಡಿದೆ. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ ೧೦ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ೨೦೨೫ರ ಅಕ್ಟೋಬರ್ ೧೪ರಂದು ನಿಲ್ಲಿಸಿತು. ಇಂಟೆಲ್ಲಿನ ಏಳನೆಯ ಪೀಳಿಗೆಯ ಬಹುತೇಕ ಯಂತ್ರಗಳಿಗೆ ವಿಂಡೋಸ್ ೧೧ರ ಅಧಿಕೃತ ಪ್ರವೇಶವಿಲ್ಲ. ಆದುದರಿಂದ ಕಚೇರಿಗಳು ಅವುಗಳನ್ನು ಹೊರಗಿಡುತ್ತಿವೆ. ಯಂತ್ರ ಕೆಟ್ಟಿಲ್ಲ; ಅದಕ್ಕೆ ಊಳಿಗ ತಪ್ಪಿದೆ, ಅಷ್ಟೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಇಂತಹ ಪುಟ್ಟ ಕಚೇರಿ ಗಣಕಗಳು ದೊರೆಯುತ್ತವೆ. ಅವುಗಳ ಮೇಲೆ ಉಚಿತವಾದ ಲಿನಕ್ಸನ್ನೂ, ೨೦೧೮ರಿಂದ ಸ್ವಯಂಸೇವಕರು ಬೆಳೆಸುತ್ತಿರುವ ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶವನ್ನೂ ಸ್ಥಾಪಿಸಿದರೆ ಮನೆಯ ಚಿತ್ರಶಾಲೆ ಸಿದ್ಧ. ೮ ಗಿಗಾಬೈಟ್ ರ‍್ಯಾಮ್ ಇದ್ದರೆ ಧಾರಾಳ. ಪುಟ್ಟ ಪೆಟ್ಟಿಗೆಯೊಳಗೆ ದೊಡ್ಡ ಡಿಸ್ಕಿಗೆ ಸ್ಥಳವಿರದು. ಅದನ್ನು ಯುಎಸ್‌ಬಿ ಮೂಲಕ ಹೊರಗಿನಿಂದ ಜೋಡಿಸಿದರೆ ಸಾಕು. ಜಗತ್ತಿನಲ್ಲಿ ೨೦೨೨ರಲ್ಲಿ ೬೨ ಕೋಟಿ ಕ್ವಿಂಟಲ್, ಅಂದರೆ ೬.೨ ಕೋಟಿ ಟನ್, ವಿದ್ಯುನ್ಮಾನ ಕಸ ಉತ್ಪತ್ತಿಯಾಯಿತೆಂದು ವಿಶ್ವಸಂಸ್ಥೆಯ ಅಂಗಗಳು ಪ್ರಕಟಿಸಿದ ವರದಿ ಹೇಳುತ್ತದೆ. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದುದು ಅದರ ನಾಲ್ಕನೆಯ ಒಂದು ಭಾಗಕ್ಕಿಂತ ಕಡಮೆ. ಆ ರಾಶಿಗೆ ಸೇರಬೇಕಾದ ಒಂದು ಯಂತ್ರವನ್ನು ತಡೆದ ಪುಣ್ಯವೂ ನಿಮ್ಮದಾಗುತ್ತದೆ.

ಹಳೆಯ ಯಂತ್ರ ವಿದ್ಯುತ್ತನ್ನು ಹೆಚ್ಚು ನುಂಗುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಗಲಿರುಳು ನಡೆಯುವ ಯಂತ್ರ ೬೦ ವಾಟ್ ಬಳಸಿದರೆ ವರ್ಷಕ್ಕೆ ಸುಮಾರು ೫೨೬ ಯೂನಿಟ್. ೧೫ ವಾಟ್ ಬಳಸಿದರೆ ಸುಮಾರು ೧೩೧ ಯೂನಿಟ್. ಯೂನಿಟ್ಟಿಗೆ ೬ ರೂಪಾಯಿಯೆಂದು ಹಿಡಿದರೆ ಇವೆರಡರ ಅಂತರ ವರ್ಷಕ್ಕೆ ೨,೩೦೦ ರೂಪಾಯಿಗೂ ಮೇಲು. ಆದುದರಿಂದ ಹಳೆಯದೆಲ್ಲವೂ ಅಗ್ಗವಲ್ಲ. ದೊಡ್ಡ ಪೆಟ್ಟಿಗೆಯ ಹಳೆಯ ಯಂತ್ರ ಪುಕ್ಕಟೆಯಾಗಿ ಬಂದರೂ ಮೂರು ವರ್ಷದಲ್ಲಿ ದುಬಾರಿಯಾದೀತು. ಅದನ್ನೇ ಬಳಸಬೇಕಾದರೆ ಬೇಕಾದಾಗ ಮಾತ್ರ ಚಾಲನೆ ಮಾಡುವುದು ಲೇಸು. ಹಳೆಯ ಲ್ಯಾಪ್‌ಟಾಪನ್ನು ಸದಾ ನಡೆಸುವವರು ಅದರ ಬ್ಯಾಟರಿ ಉಬ್ಬಿದೆಯೇ ಎಂದು ಆಗಾಗ ಪರೀಕ್ಷಿಸುವುದು ಅವಶ್ಯ.

ಪ್ರೊಸೆಸರು ಹಳೆಯದಾದರೂ ಸರಿ, ಡಿಸ್ಕು ಹೊಸದಾಗಿರಲಿ. ಪ್ರೊಸೆಸರು ಕೆಟ್ಟರೆ ಬೇರೊಂದನ್ನು ತರಬಹುದು. ಡಿಸ್ಕು ಕೆಟ್ಟರೆ ಅದರೊಳಗಿದ್ದುದನ್ನು ಅಂಗಡಿಯಲ್ಲಿ ಕೊಳ್ಳಲಾಗುವುದಿಲ್ಲ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಗ್ರಹಣಾ ಸಂಸ್ಥೆ ತನ್ನಲ್ಲಿರುವ ಡಿಸ್ಕುಗಳ ಆಯುಷ್ಯದ ಲೆಕ್ಕವನ್ನು ೨೦೧೩ರಿಂದ ಇಟ್ಟು ಪ್ರಕಟಿಸುತ್ತಿದೆ. ಅದರ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದೆರಡು ಡಿಸ್ಕುಗಳು ಕೆಡುತ್ತವೆ. ಅಲ್ಪವೆಂದು ತೋರುತ್ತದೆ, ಆದರೆ ವರ್ಷಕ್ಕೆ ನೂರಕ್ಕೆ ಒಂದೂವರೆಯಂತೆ ಹತ್ತು ವರ್ಷ ಲೆಕ್ಕ ಹಾಕಿ ನೋಡಿ, ಸುಮಾರು ಏಳರಲ್ಲಿ ಒಂದು ಡಿಸ್ಕು ಮಡಿದಿರುತ್ತದೆ. ಆ ಒಂದು ನಿಮ್ಮದಾಗದೆಂದು ಯಾರು ಹೇಳಬಲ್ಲರು?

ಕೊಳ್ಳುವಾಗ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಕೆಲವು ಡಿಸ್ಕುಗಳಲ್ಲಿ ಬರೆಹದ ಪಥಗಳು ಮಂಗಳೂರು ಹೆಂಚಿನಂತೆ ಒಂದರಂಚಿನ ಮೇಲೊಂದು ಚಾಚಿರುತ್ತವೆ. ಇವು ಎಸ್‌ಎಂಆರ್ ಬಗೆಯವು. ನಡುವಿನ ಒಂದು ಹೆಂಚನ್ನು ತೆಗೆಯಬೇಕಾದರೆ ಮೇಲಿನವನ್ನೂ ಕದಲಿಸಬೇಕಲ್ಲವೆ? ಹಾಗೆಯೇ ಇವುಗಳಲ್ಲಿ ತಿದ್ದಿ ಬರೆಯುವ ಕೆಲಸ ನಿಧಾನ. ಒಮ್ಮೆ ಬರೆದಿಟ್ಟು ಓದುತ್ತಿರುವುದಕ್ಕೆ ಇವು ಸಾಕು. ಹಲವು ಡಿಸ್ಕುಗಳನ್ನು ಜೋಡಿಸಿ ನಡೆಸುವುದಕ್ಕೆ ಸಿಎಂಆರ್ ಬಗೆಯೇ ತಕ್ಕುದು. ಕೆಲವು ಮಾದರಿಗಳಲ್ಲಿ ಈ ಭೇದವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿಲ್ಲವೆಂಬುದು ೨೦೨೦ರಲ್ಲಿ ಬಯಲಾಗಿ ದೊಡ್ಡ ಚರ್ಚೆಗೆ ಕಾರಣವಾಯಿತು. ಆದ್ದರಿಂದ ತಯಾರಕರ ವಿವರಪಟ್ಟಿಯನ್ನು ಓದಿಯೇ ಹಣ ಕೊಡಿ.

ಹಲವು ಡಿಸ್ಕುಗಳನ್ನು ಜೋಡಿಸುವ ರೇಡ್ ಎಂಬ ಕ್ರಮವನ್ನು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು ವಿಜ್ಞಾನಿಗಳು ೧೯೮೮ರಲ್ಲಿ ವಿವರಿಸಿದರು. ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲದಿರುವುದು ಅದರ ಗುಣ. ಆದರೆ ರೇಡ್ ಇದ್ದರೆ ಎರಡನೆಯ ಪ್ರತಿ ಇದ್ದಂತೆಯೇ ಎಂಬ ಭಾವನೆ ದೊಡ್ಡ ಭ್ರಮೆ. ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ ಜೋಡಿ ಡಿಸ್ಕಿನಲ್ಲಿಯೂ ಅದೇ ಕ್ಷಣ ಅಳಿಯುತ್ತದೆ. ಸಿಡಿಲು ಬಡಿದರೆ, ಕಳ್ಳನು ಪೆಟ್ಟಿಗೆಯನ್ನೇ ಹೊತ್ತೊಯ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ನಮ್ಮ ರೈತನು ಬಿತ್ತನೆಯ ಬೀಜವನ್ನು ಊಟದ ಕಾಳಿನೊಡನೆ ಒಂದೇ ಕಣಜದಲ್ಲಿ ಇಡುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲೊಂದು ಮನೆಯಿಂದ ಹೊರಗೆ ಎಂಬ ಇಂದಿನ ತಜ್ಞರ ಸೂತ್ರ ಆ ರೈತನ ವಿವೇಕವೇ ಅಲ್ಲವೆ?

ಅಂತರಜಾಲದ ಬಾಡಿಗೆ ಉಗ್ರಾಣವಿರುವಾಗ ಇಷ್ಟೆಲ್ಲ ಶ್ರಮವೇಕೆ ಎನ್ನುವವರೂ ಇದ್ದಾರೆ. ಆ ಉಗ್ರಾಣವನ್ನು ನಾವು ನಿರಾಕರಿಸುವುದಿಲ್ಲ. ಮನೆಯ ಹೊರಗಿನ ಪ್ರತಿಗೆ ಅದು ಒಳ್ಳೆಯ ತಾಣ. ಆದರೆ ಬಾಡಿಗೆ ನಿಂತರೆ ಬಾಗಿಲೂ ಮುಚ್ಚುತ್ತದೆ. ಮತ್ತೆ ಪಡೆಯಲಾಗದ ಛಾಯಾಚಿತ್ರ, ಧ್ವನಿ, ದಾಖಲೆಗಳನ್ನಷ್ಟೇ ಆರಿಸಿ ಅಲ್ಲಿಡಿ. ಅವು ಸಾಮಾನ್ಯವಾಗಿ ಸ್ವಲ್ಪ ಸ್ಥಳದಲ್ಲಿಯೇ ಅಡಗುತ್ತವೆ. ಚಲನಚಿತ್ರಗಳಿಗೆ ಒಂದೇ ಪ್ರತಿ ಸಾಕು. ಎಲ್ಲವನ್ನೂ ಸಮವಾಗಿ ಕಾಯಲು ಹೊರಟವನು ಕೊನೆಗೆ ಯಾವುದನ್ನೂ ಸರಿಯಾಗಿ ಕಾಯಲಾರನು.

ಆದುದರಿಂದ ಖರ್ಚಿನ ಕ್ರಮ ಹೀಗಿರಲಿ: ಮೊದಲು ಹೊಸದಾದ ಒಂದು ಡಿಸ್ಕು, ಅನಂತರ ಪ್ರತಿಗಾಗಿ ಎರಡನೆಯದು, ವಾರಕ್ಕೊಮ್ಮೆ ಜೋಡಿಸಿ ನಕಲು ಮಾಡಿ ಮತ್ತೆ ಕಪಾಟಿಗೆ ಸೇರಿಸುವಂತಹುದು, ಬಳಿಕ ತಂತಿ ಮತ್ತು ರೌಟರು, ವಿದ್ಯುತ್ತು ಆಗಾಗ ಹೋಗುವ ಊರಾದರೆ ಒಂದು ಚಿಕ್ಕ ಯುಪಿಎಸ್, ಕಡೆಗೆ ಉಳಿದ ಹಣಕ್ಕೆ ಒದಗುವ ಹಳೆಯ ಗಣಕ. ತಿಂಗಳಿಗೊಮ್ಮೆ ಪ್ರತಿಯಿಂದ ಒಂದು ಕಡತವನ್ನು ತೆರೆದು ನೋಡುವುದನ್ನು ಮಾತ್ರ ಮರೆಯಬಾರದು. ತೆರೆದು ನೋಡದ ಪ್ರತಿ ಇದ್ದರೂ ಇಲ್ಲದಂತೆಯೇ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೇನು ಫಲ?

ನಮ್ಮ ಪರಿಚಿತ ಹುಡುಗ ಈಗ ಎರಡು ಡಿಸ್ಕುಗಳನ್ನು ಇಟ್ಟುಕೊಂಡಿದ್ದಾನೆ. ಮೊನ್ನೆ ಊರಿಗೆ ಹೋಗಿ, ಅಜ್ಜಿಯ ತಂಗಿಗೆ ನೆನಪಿನಲ್ಲಿ ಉಳಿದಿರುವ ಕೆಲವು ಸೋಬಾನೆ ಪದಗಳನ್ನು ಮುದ್ರಿಸಿಕೊಂಡು ಬಂದ. ಹಾಡು ಅವೇ, ಧ್ವನಿ ಬೇರೆ. ಬಂದವನು ಮೊದಲು ಮಾಡಿದ ಕೆಲಸ ಅವುಗಳ ಎರಡನೆಯ ಪ್ರತಿಯನ್ನು ತೆಗೆದಿಟ್ಟದ್ದು. ನಿಮ್ಮ ಮನೆಯಲ್ಲಿ ಇನ್ನೂ ಹಾಡುವ ಅಜ್ಜಿ ಇದ್ದರೆ, ಗಣಕದ ಬಿಡಿಭಾಗಗಳ ಬೆಲೆಪಟ್ಟಿಯನ್ನು ತೆರೆಯುವ ಮೊದಲು ಅವರ ಬಳಿ ಕುಳಿತು ಒಂದು ಹಾಡನ್ನು ಮುದ್ರಿಸಿಕೊಳ್ಳಿ. ಆಮೇಲೆ ಯಾವ ಬಿಡಿಭಾಗ ಮುಖ್ಯವೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.