ಹಳೆಯ ಜೀಪಿಗೆ ಹೊಸ ಬಲ

ಮೊನ್ನೆ ಮಡಂತ್ಯಾರು ಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ತಂದೆಯ ಕಾಲದ ಮಹೀಂದ್ರ ಸಿಜೆ-3ಬಿ ಜೀಪನ್ನು ಗ್ಯಾರೇಜಿಗೆ ಬಿಟ್ಟಿದ್ದಾನಂತೆ. "ಮಾಸ್ಟ್ರೇ, ದೊಡ್ಡ ಡೀಸೆಲ್ ಎಂಜಿನು, 35 ಇಂಚಿನ ಟಯರು ಹಾಕಿಸುವವನಿದ್ದೇನೆ. ಆಫ್‌ರೋಡಿಗೂ ಆಯಿತು, ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಹತ್ತಲಿಕ್ಕೂ ಆಯಿತು" ಎಂದ. ಆಕ್ಸಲಿನ ಬಗ್ಗೆ ಕೇಳಿದೆ. "ಅದು ಹಳೆಯದೇ ಸಾಕು, ಗಟ್ಟಿ ಉಂಟು" ಎಂದುಬಿಟ್ಟ. ರಸ್ತೆಬದಿಯಲ್ಲಿ ನಿಂತು ಅವನಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಜ್ಞಾನದ ಮೇಷ್ಟ್ರಾಗಿದ್ದ ನನಗೆ ಈ ಜೀಪು ಒಂದು ಪಾಠವೇ ಆಗಿತ್ತು. ಇದರ ಎಂಜಿನು ಮಹಾ ಬಲಶಾಲಿಯೇನಲ್ಲ. ಬಲವೆಲ್ಲ ಹಲ್ಲಿನ ಚಕ್ರಗಳ ಲೆಕ್ಕದಲ್ಲಿದೆ. ಮೊದಲ ಗೇರಿನಲ್ಲಿ ಸುಮಾರು 2.80, ಟ್ರಾನ್ಸ್‌ಫರ್ ಕೇಸಿನ ಲೋ ಗೇರಿನಲ್ಲಿ 2.46, ಆಕ್ಸಲಿನ ಕ್ರೌನ್-ಪಿನಿಯನ್ನಿನಲ್ಲಿ 5.38. ಇವನ್ನು ಗುಣಿಸಿದರೆ ಎಂಜಿನಿನ ತಿರುಚುಬಲ ಚಕ್ರಕ್ಕೆ ತಲುಪುವಾಗ ಸುಮಾರು 37 ಪಟ್ಟಾಗುತ್ತದೆ. ಮಳೆಗಾಲದ ಕೆಸರಿನಲ್ಲಿ ತೋಟದವರ ಜೀಪುಗಳು ಆಮೆಯಂತೆ ತೆವಳಿ ಗುಡ್ಡ ಏರುತ್ತಿದ್ದ ಗುಟ್ಟು ಇದೇ.

ಮೂಲದಲ್ಲಿ ಈ ಜೀಪಿನ ಟಯರು ಸುಮಾರು 28 ಇಂಚು ಎತ್ತರದ್ದು. ಅಲ್ಲಿಗೆ 35 ಇಂಚಿನದನ್ನು ಹಾಕಿದರೆ 5.38 ಎಂಬುದು 4.30ರಂತೆ ವರ್ತಿಸುತ್ತದೆ. ಗುಡ್ಡ ಏರುವ ಶಕ್ತಿ ಕುಂದಿತೆಂದು ಎಂಜಿನನ್ನು ಬದಲಾಯಿಸುತ್ತಾರೆ. ಆಗ ಹೆಚ್ಚಿದ ತಿರುಚುಬಲವನ್ನೂ ದೊಡ್ಡ ಚಕ್ರದ ಎಳೆತವನ್ನೂ ಆ ಹಳೆಯ ಆಕ್ಸಲ್ ಶಾಫ್ಟೇ ಹೊರಬೇಕು. ಗಟ್ಟಿ ಆಕ್ಸಲ್ ಹಾಕಿಸಿದರೂ ಮುಗಿಯಲಿಲ್ಲ. ಪ್ರೊಪೆಲ್ಲರ್ ಶಾಫ್ಟು, ಅದರ ಕ್ರಾಸು, ಕೊನೆಗೆ ಬ್ರೇಕು, ಎಲ್ಲವೂ ಸರದಿಯಲ್ಲಿ ನಿಂತಿರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಯಂತ್ರಕ್ಕೂ ಸಲ್ಲುತ್ತದೆ.

ಇದು ಬರಿಯ ಪುಸ್ತಕದ ಮಾತಲ್ಲ. 1990ರ ದಶಕದ ಒಂದು ಮಳೆಗಾಲದಲ್ಲಿ, ಎಂಜಿನು ಬದಲಾಯಿಸಿದ್ದ ಪರಿಚಿತರೊಬ್ಬರ ಜೀಪಿನಲ್ಲಿ ನಾನೂ ಕುಳಿತಿದ್ದೆ. ತೋಡು ದಾಟಿ ಏರು ಹತ್ತುವಾಗ ಹಿಂದಿನ ಆಕ್ಸಲ್ ಶಾಫ್ಟ್ 'ಟಪ್' ಎಂದು ತುಂಡಾಯಿತು. ಮುಂದಿನ ಚಕ್ರಗಳಿಗೆ ಗೇರು ಹಾಕಿರಲಿಲ್ಲ. ನೀರು ಕುಡಿದ ಡ್ರಮ್ ಬ್ರೇಕು ಹಿಡಿಯಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದರೂ ಫಲವಿಲ್ಲ! ಈ ಜೀಪುಗಳ ಹ್ಯಾಂಡ್ ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಪ್ರೊಪೆಲ್ಲರ್ ಶಾಫ್ಟನ್ನು. ಆಕ್ಸಲ್ ಶಾಫ್ಟೇ ತುಂಡಾದ ಮೇಲೆ ಅದು ಹಿಡಿದೇನು, ಬಿಟ್ಟೇನು? ಹಿಂದಕ್ಕೆ ಜಾರಿದ ಜೀಪನ್ನು ಒಂದು ಅಡಿಕೆ ಮರ ತಡೆಯಿತು. ಚಾಲಕನ ಭುಜದ ಮೂಳೆ ಮುರಿಯಿತು. ಅದೇ ಚಾರ್ಮಾಡಿಯ ತಿರುವಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ದುರಸ್ತಿ ನೆಲದಿಂದ ಮೇಲಕ್ಕೆ ಸಾಗಬೇಕು. ಮೊದಲು ಬ್ರೇಕು, ಅನಂತರ ಆಕ್ಸಲಿನ ಬೇರಿಂಗು, ಶಾಫ್ಟು, ಕ್ರೌನ್-ಪಿನಿಯನ್; ಆಮೇಲೆ ಕ್ರಾಸುಗಳು; ಎಂಜಿನು ಕೊನೆಗೆ. ಸವೆದದ್ದನ್ನು ಅದೇ ಅಳತೆಯ ಒಳ್ಳೆಯ ಭಾಗದಿಂದ ತುಂಬಿದರೆ ಈ ಜೀಪು ಇನ್ನೊಂದು ತಲೆಮಾರಿಗೂ ಸಾಕು.

ಕಾನೂನನ್ನೂ ಮರೆಯಬಾರದು. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ ಅಕ್ರಮ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಸ್ಪರ್ಧೆಯ ಹುಚ್ಚಿದ್ದವರು ಅದಕ್ಕೆಂದೇ ಬೇರೆ ಜೀಪು ಇಟ್ಟುಕೊಂಡು, ಲಾರಿಯಲ್ಲಿ ಹೇರಿಕೊಂಡು ಹೋಗಲಿ. ಮಕ್ಕಳು ಕೂರುವ ಜೀಪಿನಲ್ಲಿ ಆ ಪ್ರಯೋಗ ಬೇಡ.

ನನ್ನ ವಿದ್ಯಾರ್ಥಿ ಇದನ್ನು ಓದಿದರೆ ಮೇಷ್ಟ್ರಿಗೆ ವಯಸ್ಸಾಯಿತು ಎಂದು ನಗಬಹುದು. ನಗಲಿ, ಬೇಸರವಿಲ್ಲ. ನಕ್ಕ ಮೇಲೆ ಒಮ್ಮೆ ಜೀಪಿನ ಅಡಿಗೆ ಮಲಗಿ ನೋಡಲಿ.