ದುರ್ಬೀನಿನ ಪರೀಕ್ಷೆ

ಆಷಾಢಮಾಸದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದಿದ್ದನು. ಹದಿನೈದು ವರ್ಷಗಳಿಂದ ಅಮೆರಿಕದ ಕೊಲೊರಾಡೊ ಸಂಸ್ಥಾನದಲ್ಲಿ ನೆಲೆಸಿರುವವನು. ಉಪಚಾರಗಳೆಲ್ಲ ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದಲೇ ವಿಷಯವನ್ನೆತ್ತಿದನು: ಶರತ್ಕಾಲದಲ್ಲಿ ನೆರೆಯವರೊಡನೆ ಎಲ್ಕ್ ಬೇಟೆಗೆ ಹೋಗುವುದುಂಟು, ಒಂದು ದುರ್ಬೀನು ಬೇಕು, ಬೆಲೆ ಮಿತವಾಗಿರಬೇಕು, ಶಾಲೆಯ ಮಾಳಿಗೆಯ ಮೇಲೆ ಕೃತ್ತಿಕೆಯನ್ನು ತೋರಿಸಿದವರು ತಾವೇ ಆದ್ದರಿಂದ ತಮ್ಮನ್ನೇ ಕೇಳುತ್ತೇನೆ ಎಂದನು.

ಬೇಟೆಯಲ್ಲಿ ನಮಗೆ ರುಚಿಯೂ ಇಲ್ಲ, ಅನುಭವವೂ ಇಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮೃಗಯಾವಿನೋದವು ಕಾವ್ಯಗಳಲ್ಲಿ ಉಳಿದಿರುವುದಷ್ಟೆ. ಬೇಡಪ್ಪಾ ಎನ್ನೋಣವೆಂದು ಬಾಯಿ ತೆರೆದೆವು; ಆದರೆ ಅವನು ಕೇಳಿದ್ದು ನಮ್ಮ ಅನುಮತಿಯನ್ನಲ್ಲ, ದುರ್ಬೀನನ್ನು. ಆದಕಾರಣ ಅಲ್ಲಿಯ ಕ್ರಮವೇನೆಂದು ವಿಚಾರಿಸಿದೆವು.

ಎಲ್ಕ್ ಎಂಬುದು ನಮ್ಮ ಕಡವೆಯ ದಾಯಾದಿ. ಗಂಡು ಮುನ್ನೂರು ಕಿಲೋಗ್ರಾಮಿಗೂ ಮೀರಿ ತೂಗಬಲ್ಲುದು. ರಹದಾರಿಯಿಲ್ಲದೆ ಹೊಡೆಯುವಂತಿಲ್ಲ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತವಾದ ಅರ್ಧ ಗಂಟೆಯವರೆಗೆ ಮಾತ್ರ ಕಾಲಾವಕಾಶ. ಹೆಚ್ಚಿನ ಪ್ರದೇಶಗಳಲ್ಲಿ ಗಂಡಿನ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲುಗಳಿರಬೇಕು, ಇಲ್ಲವೆ ಹುಬ್ಬಿನ ಬಳಿಯ ಕವಲು 5 ಅಂಗುಲವಾದರೂ ಉದ್ದವಿರಬೇಕು. ಇದರ ಮೇಲೆ ಇನ್ನೊಂದು ತೊಡಕು: 1978ರಲ್ಲಿ ಆ ಸಂಸ್ಥಾನಕ್ಕೆ ಹೊರಗಿನಿಂದ ಮೂಸ್ ಎಂಬ ಮೃಗವನ್ನು ತಂದು ಬಿಟ್ಟರು. ಅದು ಎಲ್ಕಿಗಿಂತ ದೊಡ್ಡದು, ಮೈ ಕಪ್ಪು, ಮೂತಿ ಜೋಲು, ಗಂಡಿನ ಕೊಂಬು ಅಂಗೈಯಂತೆ ಅಗಲ. ಹಗಲಿನಲ್ಲಿ ಮಕ್ಕಳೂ ಗುರುತಿಸಬಹುದು. ಆದರೂ ಮಬ್ಬಿನಲ್ಲಿ ಎಲ್ಕೆಂದು ಭ್ರಮಿಸಿ ಮೂಸನ್ನು ಕೊಂದು ದಂಡ ತೆತ್ತವರಿದ್ದಾರೆ. ಮನುಷ್ಯನು ಮನುಷ್ಯನಿಗೆ ಕಾಣಲೆಂದು ಕೋವಿ ಹಿಡಿದವರು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಮೇಲಂಗಿಯನ್ನೂ ಟೋಪಿಯನ್ನೂ ಧರಿಸಬೇಕೆಂದು ಅಲ್ಲಿಯ ಕಟ್ಟಳೆ.

ಇದನ್ನು ಕೇಳುತ್ತಿದ್ದಂತೆ ನಮಗೆ ದಶರಥನ ನೆನಪಾಯಿತು. ಸರಯೂತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟನಲ್ಲವೆ? ಬಿಲ್ಗಾರಿಕೆಯಲ್ಲಿ ಅವನಿಗೇನೂ ಕೊರತೆಯಿರಲಿಲ್ಲ. ನೋಡದೆ ಬಿಟ್ಟನು, ಅಷ್ಟೆ. ಶಿಷ್ಯನಿಗೆ ಅದನ್ನೇ ಹೇಳಿದೆವು. ಅವನು ತಲೆ ತಗ್ಗಿಸಿ, ಕೋವಿಯ ಮೇಲೇ ಒಂದು ದೂರದರ್ಶಕವಿರುವುದರಿಂದ ಇದುವರೆಗೆ ಅದರಿಂದಲೇ ನೋಡುತ್ತಿದ್ದೆನೆಂದು ಒಪ್ಪಿಕೊಂಡನು. ನಮಗೆ ಮೈ ನಡುಗಿತು. ಪೊದೆಯಲ್ಲಿ ಅಲುಗಿದ್ದು ಏನೆಂದು ತಿಳಿಯುವುದಕ್ಕೆ ಕೋವಿಯ ಬಾಯನ್ನೇ ಅತ್ತ ತಿರುಗಿಸಿದರೆ, ಅಲ್ಲಿರುವುದು ಮನುಷ್ಯನೆಂದು ತಿಳಿಯುವಾಗ ಗುರಿ ಅವನ ಎದೆಯ ಮೇಲೆ ನಿಂತಿರುತ್ತದೆ. ಹಾಗೆ ನೋಡತಕ್ಕದ್ದಲ್ಲ. ದುರ್ಬೀನು ಬೇರೆ, ಕೋವಿ ಬೇರೆ ಇರಲಿ.

ಇನ್ನು ಆಯ್ಕೆಯ ಮಾತು. ದುರ್ಬೀನಿನ ಮೇಲೆ 8×42 ಎಂದು ಬರೆದಿದ್ದರೆ ಮೊದಲನೆಯದು ಎಷ್ಟು ಮಡಿ ಹಿಗ್ಗಿಸುವುದೆಂಬುದು, ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಕ್ಕುತ್ತದೆ: 8×42ರಲ್ಲಿ 5.25, 10×42ರಲ್ಲಿ 4.2, ಜೇಬಿನಲ್ಲಿ ಹಿಡಿಸುವ 8×21ರಲ್ಲಿ 2.6 ಮಾತ್ರ. ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ ಅರಳುತ್ತದೆ, ಯುವಕರದು 7 ಮಿಲಿಮೀಟರಿನವರೆಗೂ. ಬೇಟೆಯ ಬೆಲೆಯುಳ್ಳ ಗಳಿಗೆಗಳೆಲ್ಲ ಆ ಮಬ್ಬಿನವೇ ಆದ್ದರಿಂದ 2.6ರ ಬಿಲ್ಲೆ ಅಲ್ಲಿ ಕೆಲಸಕ್ಕೆ ಬಾರದು. ಹೆಚ್ಚು ಮಡಿಯೆಂದರೆ ಹೆಚ್ಚು ಕಾಣುವುದೆಂಬ ನಂಬಿಕೆ ಮನೆಮನೆಯಲ್ಲೂ ಇದೆ. ಕೈಯ ನಡುಕವೂ ಅಷ್ಟೇ ಮಡಿಯಾಗುವುದನ್ನು ಮರೆಯುತ್ತಾರೆ. ನೋಟದ ಹರಹು ಕುಗ್ಗುವುದನ್ನೂ ಮರೆಯುತ್ತಾರೆ. ಬಯಲ ಇಳಿಜಾರಿನಲ್ಲಿ ಮೊಣಕೈಯನ್ನು ಮೊಣಕಾಲಿಗೆ ಊರಿ ಕುಳಿತು ನೋಡುವವನಿಗೆ 10 ಸರಿ. ಮರಗಳ ನಡುವೆ ನಡೆಯುವವನಿಗೆ 8. ನಮ್ಮ ಶಿಷ್ಯನು ನಡೆಯುವವನು.

ನಾವೇ ಒಮ್ಮೆ ಮೋಸಹೋದ ಸಂಗತಿಯನ್ನು ಮುಚ್ಚಿಡುವುದೇಕೆ? ಮಸೂರ ಮಾಣಿಕ್ಯದಂತೆ ಕೆಂಪಗೆ ಹೊಳೆಯುತ್ತಿದ್ದುದನ್ನು ಕಂಡು, ಮಡಿಯನ್ನು ಬೇಕಾದಂತೆ ಹೆಚ್ಚಿಸಬಹುದೆಂಬ ಅಂಗಡಿಯವನ ಮಾತನ್ನು ನಂಬಿ, ಒಂದನ್ನು ಕೊಂಡು ಕಬಿನಿಗೆ ಹೋಗಿದ್ದೆವು. ಪಕ್ಕದವರು ಬರಿಗಣ್ಣಿನಿಂದ ಕಾಟಿಗಳ ಹಿಂಡನ್ನು ನೋಡಿದರು. ನಾವು ಬರಿಯ ಮಂಜನ್ನು ನೋಡಿ ತಲೆನೋವು ತಂದುಕೊಂಡೆವು. ಅದರ ಎರಡು ನಳಿಗೆಗಳೂ ಒಂದೇ ದಿಕ್ಕಿಗೆ ನೋಡುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಆ ಪೆಟ್ಟಿನಿಂದ ಕಲಿತ ಪರೀಕ್ಷೆಗಳಿವು. ಅಂಗಡಿಯ ಬಾಗಿಲಲ್ಲಿ ನಿಂತು ದೂರದ ಮನೆಯೊಂದರ ಸೂರಿನ ಗೆರೆಯನ್ನು ನೋಡುತ್ತ, ದುರ್ಬೀನನ್ನು ಮೆಲ್ಲಗೆ ಕಣ್ಣಿನಿಂದ ನಾಲ್ಕು ಅಂಗುಲ ದೂರ ಸರಿಸಬೇಕು. ಎರಡು ಬಿಲ್ಲೆಗಳಲ್ಲಿಯೂ ಗೆರೆ ಒಂದೇ ಮಟ್ಟದಲ್ಲಿ ಮುಂದುವರಿಯದಿದ್ದರೆ ಹಿಂದಕ್ಕೆ ಕೊಡಿ. ಬಳಿಕ ತೋಳುದ್ದ ಹಿಡಿದು ಆಕಾಶಕ್ಕೆ ತಿರುಗಿಸಿದರೆ ಬೆಳಕಿನ ಬಿಲ್ಲೆ ದುಂಡಗಿರಬೇಕು. ಅಂಚು ಬೂದಿಯಾಗಿ ಚೌಕದಂತೆ ಕಂಡರೆ ಒಳಗಿನ ಪಟ್ಟಕದ ಗಾಜು ಕೆಳದರ್ಜೆಯದು. ಬಿಎಕೆ-4 ಎಂಬುದು ಒಳ್ಳೆಯದು. ಕನ್ನಡಕದವರಿಗೆ ಕಣ್ಣಿಗೂ ಗಾಜಿಗೂ 16 ಮಿಲಿಮೀಟರಾದರೂ ಅಂತರ ದೊರೆಯಬೇಕು.

ಲೇಪದ ವಿಷಯದಲ್ಲಿ ಲೋಭ ಸಲ್ಲದು. ಲೇಪವಿಲ್ಲದ ಗಾಜಿನ ಒಂದೊಂದು ಮುಖವೂ ನೂರಕ್ಕೆ ಸುಮಾರು ನಾಲ್ಕರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಮುಖಗಳನ್ನು ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ನಷ್ಟ. ಜರ್ಮನಿಯ ತ್ಸೈಸ್ ಕಾರ್ಖಾನೆಯ ಸ್ಮಾಕುಲಾ ಎಂಬ ವಿಜ್ಞಾನಿಯು 1935ರಲ್ಲಿ ಇದಕ್ಕೆ ಪ್ರತಿಫಲನನಿವಾರಕ ಲೇಪವನ್ನು ಕಂಡುಹಿಡಿದನು. ಈಗ ಎಲ್ಲ ಮುಖಗಳಿಗೂ ಹಲವು ಪದರ ಹಚ್ಚಿರುವುದನ್ನೇ ಕೇಳಿ ಪಡೆಯಬೇಕು. ನಳಿಗೆ ನೇರವಾಗಿರುವ ಜಾತಿಯದಾದರೆ ಪಟ್ಟಕಕ್ಕೆ ಫೇಸ್ ಲೇಪವೂ ಇರಬೇಕು. ಇಲ್ಲದಿದ್ದರೆ ಕೊಂಬಿನ ಕವಲುಗಳು ಮಸುಕು. ಅಲ್ಲಿಯ ಲೆಕ್ಕದಲ್ಲಿ 200ರಿಂದ 500 ಡಾಲರುಗಳೊಳಗೆ ಇವೆಲ್ಲವೂ, ನೈಟ್ರೊಜನ್ ತುಂಬಿ ನೀರು ಹೊಗದಂತೆ ಮುಚ್ಚಿರುವುದೂ ಸಿಕ್ಕುತ್ತವೆ. ಎರಡು ಸಾವಿರ ಡಾಲರಿಗೆ ಮೇಲ್ಪಟ್ಟವುಗಳಲ್ಲಿ ನೋಟ ಇನ್ನೂ ನಿರ್ಮಲ, ಸಂದೇಹವಿಲ್ಲ. ಆದರೆ ಗೃಹಸ್ಥನು ಮಕ್ಕಳ ಶುಲ್ಕವನ್ನೂ ಕಟ್ಟಬೇಕಲ್ಲ.

ಕಾರ್ತಿಕದಲ್ಲಿ ಅವನ ಕಾಗದ ಬಂತು. 8×42ನ್ನೇ ಕೊಂಡನಂತೆ. ಒಂದು ಬೆಳಗಿನ ಜಾವ ಫರ್ ಮರಗಳ ಅಂಚಿನಲ್ಲಿ ದೊಡ್ಡದೊಂದು ಕಪ್ಪು ಮೈ ನಿಂತಿತ್ತು. ಜೊತೆಗಾರನು ಎಲ್ಕೆಂದು ಪಿಸುಗುಟ್ಟಿ ಕೋವಿಯನ್ನೆತ್ತಿದನು. ಇವನು ದುರ್ಬೀನಿಟ್ಟು ನೋಡಿ, ಜೋಲು ಮೂತಿಯನ್ನು ಕಂಡು, ಅವನ ತೋಳನ್ನು ಹಿಡಿದನಂತೆ. ಅದರ ಹಿಂದೆ ಕರುವೂ ಇತ್ತೆಂದು ಬರೆದಿದ್ದಾನೆ. ಈ ವರ್ಷ ಏನೂ ಹೊಡೆಯದೆ ಹಿಂದಿರುಗಿದ್ದಾನೆ. ದಿನವೆಲ್ಲ ಕೊರಳಲ್ಲಿ ತೂಗಿ ಕತ್ತು ನೋಯುತ್ತದೆಂಬುದೊಂದು ದೂರು. ಭಾರ ಹೆಗಲಿಗೆ ಬೀಳುವಂಥ ಎದೆಪಟ್ಟಿಯನ್ನು ಕೊಳ್ಳುವಂತೆ ಉತ್ತರ ಬರೆದಿದ್ದೇವೆ.